ಉಡ ಕಾಣದ ಕ್ಯಾಮೆರಾ

ಹಿತ್ತಲಿನ ಗೊಬ್ಬರಗುಂಡಿ ಪಕ್ಕ ಉಡ ಓಡಾಡುವುದನ್ನು ಮನೆಯವರೆಲ್ಲ ನೋಡಿದ್ದಾರೆ. ಅಲ್ಲೇ ಅಡಿಕೆ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಮಾತ್ರ ಅದರ ಬಾಲದ ತುದಿಯೂ ಇಲ್ಲ. ಕೋಳಿ ಇದೆ, ಕೆಂಬೂತ ಇದೆ, ಪಕ್ಕದ ಮನೆಯ ನಾಯಿಯಂತೂ ಸಾಕಪ್ಪಾ ಅನ್ನುವಷ್ಟು ಇದೆ. ಉಡ ಇಲ್ಲ. ಮಲೆನಾಡಿನ ಮನೆಗಳ ಸುತ್ತ ಕ್ಯಾಮೆರಾ ಕಟ್ಟಿ ನೋಡಿದವರಿಗೆ ಇದು ಹೊಸದೇನಲ್ಲ. ಕ್ಯಾಮೆರಾ ಕೆಟ್ಟಿರುವುದಿಲ್ಲ. ಅದು ಕೆಲಸ ಮಾಡುವುದೇ ಹಾಗೆ.

ಕ್ಯಾಮೆರಾ ಟ್ರ್ಯಾಪ್ ಅನ್ನುವ ಈ ಪೆಟ್ಟಿಗೆ ಹೆಚ್ಚು ಹೊತ್ತು ಆಫ್ ಆದಂತೆಯೇ ಇರುತ್ತದೆ. ಎಚ್ಚರವಾಗಿರುವುದು ಒಂದು ಪುಟ್ಟ ಸೆನ್ಸರ್ ಮಾತ್ರ. ಬೆಚ್ಚಗಿನ ಮೈಯಿಂದ ಸದಾ ಅವಕೆಂಪು (ಇನ್‌ಫ್ರಾರೆಡ್) ಕಿರಣ ಹೊರಡುತ್ತಿರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಸೆನ್ಸರ್ ಹುಡುಕುವುದು ಅದನ್ನು. ಅದರೊಳಗೆ ಅಕ್ಕಪಕ್ಕ ಎರಡು ತುಣುಕುಗಳಿವೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಲೆನ್ಸು, ಕಿಟಕಿಯ ಸರಳುಗಳ ಹಾಗೆ, ಎದುರಿನ ಜಾಗವನ್ನು ಉದ್ದುದ್ದ ಪಟ್ಟಿಗಳಾಗಿ ಹಂಚುತ್ತದೆ. ಬಿಸಿ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಒಂದು ತುಣುಕಿಗೆ ಶಾಖ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಆ ವ್ಯತ್ಯಾಸವೇ ಕ್ಯಾಮೆರಾವನ್ನು ಎಬ್ಬಿಸುವುದು. ಅಂದರೆ ಎರಡು ಸಂಗತಿ ಒಟ್ಟಿಗೆ ಆಗಬೇಕು. ಸುತ್ತಲಿಗಿಂತ ಬಿಸಿ ಬೇರೆಯಾಗಿರಬೇಕು, ಅದು ಚಲಿಸುತ್ತಲೂ ಇರಬೇಕು.

ಉಡ ಶೀತರಕ್ತದ ಜೀವಿ. ನೆರಳಲ್ಲಿ ಅದರ ಚರ್ಮಕ್ಕೂ ಕೆಳಗಿನ ಮಣ್ಣಿಗೂ ಬಿಸಿಯಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಸೆನ್ಸರ್ ಪಾಲಿಗೆ ಅದು ನಡೆಯುವ ಮಣ್ಣು. ಚೆನ್ನಾಗಿ ಬಿಸಿಲು ಕಾಯಿಸಿಕೊಂಡು ತಂಪು ನೆಲದ ಮೇಲೆ ಓಡಿದರೆ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ. ಹಾವು, ಕಪ್ಪೆಗಳ ಕಥೆಯೂ ಇದೇ.

ಬಿಸಿರಕ್ತದ ಪ್ರಾಣಿಗಳಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ನೆಲ ಕಾದು ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ ಮುಂಗುಸಿ ಎದುರಿಗೇ ಹೋದರೂ ಸೆನ್ಸರ್ ಸುಮ್ನೆ ಇದ್ದುಬಿಡಬಹುದು. ಬಿಸಿಲಿಗೆ ಕಾದ ಬಾಳೆ ಎಲೆ ಗಾಳಿಗೆ ತೂಗಿದರೆ ಮಾತ್ರ ಕಾರ್ಡಿನ ತುಂಬ ಖಾಲಿ ಫೋಟೋ. ಹಾಗಾಗಿ 'ಮಧ್ಯಾಹ್ನ ಇಲ್ಲಿಗೆ ಏನೂ ಬರಲ್ಲ' ಅಂತ ಹೇಳುವ ಮೊದಲು, ಬಾರದಿದ್ದದ್ದು ಪ್ರಾಣಿಯೋ ಫೋಟೋವೋ ಅಂತ ಯೋಚಿಸಬೇಕು.

ಕಟ್ಟುವ ಜಾಗವೂ ಇದರ ಮೇಲೇ ನಿಂತಿದೆ. ನೇರ ಕ್ಯಾಮೆರಾ ಕಡೆಗೇ ನಡೆದು ಬರುವ ಪ್ರಾಣಿ ಬಹಳ ಹೊತ್ತು ಒಂದೇ ಪಟ್ಟಿಯಲ್ಲಿ ಉಳಿಯುತ್ತದೆ, ಸೆನ್ಸರ್‌ಗೆ ಗೊತ್ತಾಗುವುದು ತಡ. ಅಡ್ಡ ದಾಟುವ ಪ್ರಾಣಿ ಬೇಗ ಸಿಗುತ್ತದೆ. ಆದ್ದರಿಂದ ಕಾಲುದಾರಿಗೆ ಅಡ್ಡಲಾಗಿ, ಮೊಣಕಾಲೆತ್ತರದಲ್ಲಿ, ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಕಟ್ಟಬೇಕು. ಪೂರ್ವ ಪಶ್ಚಿಮಕ್ಕೆ ತಿರುಗಿಸಿದರೆ ಸೂರ್ಯ ನೇರ ಲೆನ್ಸಿಗೇ ಹೊಡೆಯುತ್ತಾನೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಅದರ ಪುರಾಣ ಬೇಡ ಬಿಡಿ.

ರಾತ್ರಿ ಕೆಲಸಕ್ಕೆ ಬರುವುದು ಇನ್ನೊಂದು ಅವಕೆಂಪು. ಇವೆರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಸೆನ್ಸರ್ ಹಿಡಿಯುವ ಶಾಖದ ಕಿರಣದ ತರಂಗಾಂತರ ಹತ್ತು ಮೈಕ್ರಾನ್, ಅಂದರೆ ಹತ್ತು ಸಾವಿರ ನ್ಯಾನೊಮೀಟರ್ ಆಸುಪಾಸಿನದು. ಫೋಟೋ ತೆಗೆಯಲು ಕ್ಯಾಮೆರಾ ತಾನೇ ಚೆಲ್ಲುವ ಎಲ್‌ಇಡಿ ಬೆಳಕು ಅದರ ಹತ್ತನೇ ಒಂದು ಪಾಲಿಗಿಂತಲೂ ಚಿಕ್ಕದು, ಸಾಮಾನ್ಯವಾಗಿ 850 ಅಥವಾ 940 ನ್ಯಾನೊಮೀಟರ್. 850ರದ್ದು ದೂರ ಹೋಗುತ್ತದೆ, ಆದರೆ ಎಲ್‌ಇಡಿಗಳು ಕೆಂಡದಷ್ಟು ಮಂದವಾಗಿ ಕೆಂಪಗೆ ಕಾಣುತ್ತವೆ. 940ರದ್ದು ಕಾಣುವುದೇ ಇಲ್ಲ, ಬೆಳಕಿನ ದೂರವೂ ಕಡಿಮೆ. ಎರಡರಲ್ಲೂ ಬಣ್ಣ ಸಿಗುವುದಿಲ್ಲ. ಚಿತ್ರ ಕಪ್ಪು ಬಿಳುಪು.

ಬಣ್ಣ ಹೋದ ಮೇಲೆ ಗುರುತು ಹಿಡಿಯಲು ಬಾಲ ನೋಡಬೇಕು. ಕಬ್ಬೆಕ್ಕಿನ ಬಾಲ ಉದ್ದ, ಉಂಗುರಗಳಿಲ್ಲ. ಪುನುಗು ಬೆಕ್ಕಿನ ಬಾಲದ ಸುತ್ತ ಕಪ್ಪು ಬಿಳಿ ಉಂಗುರಗಳು ಸಾಲಾಗಿರುತ್ತವೆ. ಮೊದಲನೆಯದು ಮರ ಹತ್ತುವುದರಲ್ಲಿ ನಿಪುಣ, ಎರಡನೆಯದು ಹೆಚ್ಚಾಗಿ ನೆಲದಲ್ಲೇ ಓಡಾಡುವಂಥದ್ದು. ಕಣ್ಣಿನ ಹೊಳಪೂ ಸಹಾಯಕ್ಕೆ ಬರುತ್ತದೆ. ಬೆಕ್ಕು, ಪುನುಗು, ಜಿಂಕೆ ಜಾತಿಯವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸು ಕಳಿಸುವ ಪದರವಿದೆ. ಹಂದಿಗೆ, ಮಂಗನಿಗೆ, ನಮಗೆ ಅದಿಲ್ಲ.

ನನಗೆ ಇಷ್ಟವಾದ ಒಂದು ವಿಡಿಯೊ ತುಣುಕು ಇದೆ. ಬಿದ್ದು ಒಡೆದ ಹಲಸಿನ ಹಣ್ಣಿಗೆ ಕಬ್ಬೆಕ್ಕು ಮುಖ ಹುದುಗಿಸಿಕೊಂಡಿದೆ. ಕಿವಿ ಒಂದು ಕಡೆ ತಿರುಗುತ್ತದೆ. ತಲೆ ಎತ್ತುತ್ತದೆ. ಮರುಕ್ಷಣ ಮರದ ಬೊಡ್ಡೆ ಹಿಡಿದು ಮೇಲೆ ಮಾಯ. ಆಮೇಲೆ ಗಲಗಲ ಸದ್ದು. ಮುಳ್ಳುಹಂದಿ ಬಾಲದ ಟೊಳ್ಳು ಮುಳ್ಳುಗಳನ್ನು ಅಲ್ಲಾಡಿಸಿದಾಗ ಬರುವ ಸದ್ದು ಅದು. ಮೈಮೇಲಿನ ಮುಳ್ಳೆಲ್ಲ ನಿಗುರಿಸಿಕೊಂಡು, ಬೆನ್ನು ಈ ಕಡೆ ಮಾಡಿ ಅದು ಚಿತ್ರದೊಳಗೆ ಬರುತ್ತದೆ. ಮುಳ್ಳುಹಂದಿ ಮುಳ್ಳನ್ನು ಎಸೆಯುತ್ತದೆ ಅನ್ನುವುದು ಸುಳ್ಳು. ಅದು ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ. ಹಣ್ಣು ಅದರ ಪಾಲಾಯಿತು.

ಇಂಥ ತುಣುಕು ಹತ್ತಿಪ್ಪತ್ತು ಸಿಕ್ಕರೆ 'ನಮ್ಮಲ್ಲಿ ಮುಳ್ಳುಹಂದಿ ವಿಪರೀತ' ಅನ್ನಿಸುತ್ತದೆ, ಅಲ್ವಾ? ಹಾಗೆ ಹೇಳಲು ಬರುವುದಿಲ್ಲ. ಒಂದೇ ಮುಳ್ಳುಹಂದಿ ದಿನಾ ಅದೇ ದಾರಿಯಲ್ಲಿ ಬರುತ್ತಿರಬಹುದು. ಎಣಿಸಬೇಕೆಂದರೆ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಲು ಆಗಬೇಕು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಇದನ್ನೇ ಹಿಡಿದುಕೊಂಡು ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ನಮ್ಮಲ್ಲಿ ಹೆಜ್ಜೆಗುರುತು ನೋಡಿ ಹುಲಿ ಲೆಕ್ಕ ಹಾಕುತ್ತಿದ್ದರು. ಈ ವಿಧಾನದ ಹಿಂದಿನ ಲೆಕ್ಕ ಸರಳ. ಮೊದಲ ಸುತ್ತಿನಲ್ಲಿ 10 ಹುಲಿ ಸಿಕ್ಕವು ಅನ್ನಿ. ಎರಡನೇ ಸುತ್ತಿನಲ್ಲೂ 10 ಸಿಕ್ಕವು, ಅದರಲ್ಲಿ 5 ಮೊದಲ ಸುತ್ತಿನಲ್ಲೇ ಕಂಡಿದ್ದವು. ಅಂದರೆ ನಾವು ಮೊದಲು ಕಂಡದ್ದು ಒಟ್ಟು ಹುಲಿಗಳ ಅರ್ಧದಷ್ಟು. ಕಾಡಿನಲ್ಲಿರುವುದು ಸುಮಾರು 20.

ಕಾಣದೆ ಉಳಿದದ್ದನ್ನೂ ಲೆಕ್ಕಕ್ಕೆ ತಂದದ್ದು ಇದರ ಜಾಣತನ. 2018-19ರ ದೇಶದ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಸುಮಾರು 3.49 ಕೋಟಿ ಫೋಟೋ ಪಡೆದರು. ಹುಲಿ ಇದ್ದದ್ದು 76,651ರಲ್ಲಿ. ಪಟ್ಟೆ ಹೋಲಿಸಿ ನೋಡಿದರೆ ಅಷ್ಟೂ ಸೇರಿ 2,461 ಹುಲಿ. ಕಾಣದವುಗಳನ್ನೂ ಸೇರಿಸಿ ಹಾಕಿದ ಅಂದಾಜು 2,967.

ಹಿತ್ತಲಲ್ಲಿ ಈ ಲೆಕ್ಕ ಹೂಡುವುದು ಕಷ್ಟ. ಚಿರತೆ ಬಂದರೆ ಚುಕ್ಕೆ ನೋಡಿ ಗುರುತಿಸಬಹುದು. ಅದರಲ್ಲೂ ಎಡ ಮಗ್ಗುಲಿನ ಚುಕ್ಕೆ ಬೇರೆ, ಬಲ ಮಗ್ಗುಲಿನದು ಬೇರೆ. ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಲ್ಲದಿದ್ದರೆ ಒಂದೇ ಚಿರತೆ ಎರಡಾಗಿಬಿಡುತ್ತದೆ. ಮುಳ್ಳುಹಂದಿಯಲ್ಲಿ ಅದೂ ಇಲ್ಲ.

ಎಣಿಕೆಗಿಂತ ಹಿತ್ತಲಿನ ಕ್ಯಾಮೆರಾ ಚೆನ್ನಾಗಿ ಹೇಳುವುದು ಹೊತ್ತನ್ನು. ಪ್ರತಿ ಫೋಟೋದ ಮೇಲೂ ಗಂಟೆ ನಿಮಿಷ ಇರುತ್ತದೆ. ಸೆಲ್ ಬದಲಿಸಿದಾಗ ಗಡಿಯಾರ ಸರಿಯಿದೆಯಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಕಾಡುಹಂದಿ ನಡುಮಧ್ಯಾಹ್ನ ಬಂದಂತೆ ಕಾಣುತ್ತದೆ. ಆರು ಖಂಡಗಳ 62 ಜಾತಿಯ ಸಸ್ತನಿಗಳ ಓಡಾಟವನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹಗಲು ರಾತ್ರಿ ಸಮ ಸಮ ಓಡಾಡುವ ಪ್ರಾಣಿ, ಜನರ ಕಾಟ ಇರುವಲ್ಲಿ ತನ್ನ ಓಡಾಟದ ಶೇ. 68ರಷ್ಟನ್ನು ರಾತ್ರಿಗೆ ತಳ್ಳುತ್ತದೆ ಅನ್ನುವುದು ಅದರ ಅಂದಾಜು. ನಮ್ಮ ಕಾಡುಕುರಿ ಕೊಯ್ಲಿನ ದಿನಗಳಲ್ಲಿ ಯಾವಾಗ ಬರುತ್ತದೆ, ತೋಟದಲ್ಲಿ ಆಳುಗಳಿಲ್ಲದಾಗ ಯಾವಾಗ ಬರುತ್ತದೆ? ವರ್ಷಗಟ್ಟಲೆ ಒಂದೇ ಮರಕ್ಕೆ ಕ್ಯಾಮೆರಾ ಕಟ್ಟಿದವರು ಇದನ್ನು ತಾವೇ ನೋಡಬಹುದು. ಕರೆಯಲೆಂದು ಹಣ್ಣು ಹಂಪಲು ಸುರಿದರೆ ಮಾತ್ರ ಈ ಹೊತ್ತಿನ ಲೆಕ್ಕವೆಲ್ಲ ಹಾಳು. ಆಗ ಅದು ಊಟದ ಹೊತ್ತಿನ ದಾಖಲೆ.

ಚಿಪ್ಪುಹಂದಿ ಸಿಕ್ಕರೆ ಆ ಫೋಟೋವನ್ನು ಊರಿನ ಹೆಸರು ಹಾಕಿ ವಾಟ್ಸಾಪ್‌ನಲ್ಲಿ ಹಂಚಬೇಡಿ. ಅದರ ಚಿಪ್ಪಿಗಾಗಿ ಹುಡುಕುವವರೂ ಫೋಟೋ ನೋಡುತ್ತಾರೆ. ಕಾಡಿನೊಳಗೆ ಕ್ಯಾಮೆರಾ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇನ್ನೊಂದು ವಿಷಯ, ಕ್ಯಾಮೆರಾಕ್ಕೆ ಉಡಕ್ಕಿಂತ ಬಹಳ ಚೆನ್ನಾಗಿ ಕಾಣುವ ಪ್ರಾಣಿ ಮನುಷ್ಯ. ಉತ್ತರಾಖಂಡದ ಕಾರ್ಬೆಟ್ ಕಾಡಿನಂಚಿನ ಹಳ್ಳಿಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾದಿಂದ ಸೌದೆಗೆ ಹೋಗುವ ಹೆಂಗಸರು ಎಷ್ಟು ಮುಜುಗರಪಟ್ಟರು ಅನ್ನುವುದು ದಾಖಲಾಗಿದೆ. ಹಾಡಿಕೊಂಡು ಹೋಗುತ್ತಿದ್ದವರು ದನಿ ಇಳಿಸಿದ್ದರು. ದಣಪೆ ದಾಟಿ ಹೋಗುವ ಕಾಲುದಾರಿ ಚೌಕಟ್ಟಿನೊಳಗೆ ಬರುತ್ತಿದ್ದರೆ ಕ್ಯಾಮೆರಾವನ್ನು ತೋಟದ ಅಗಳಿನ ಕಡೆ ತಿರುಗಿಸಿ, ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಬಿಡಿ.