ಬ್ಯಾಟರಿಯದೂ ತಪ್ಪಲ್ಲ, ಆಲ್ಟರ್ನೇಟರಿನದೂ ಅಲ್ಲ

ಹೊಸ ಬ್ಯಾಟರಿ ಹಾಕಿಸಿ ಹದಿನೈದು ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ‘ಟಕ್’ ಎಂದು ಸುಮ್ಮನಾಯಿತು. ಸುತ್ತ ನಿಂತವರೆಲ್ಲ ‘ಆಲ್ಟರ್ನೇಟರ್ ಹೋಗಿದೆ’ ಎಂದು ಒಮ್ಮತದ ತೀರ್ಪು ಕೊಟ್ಟರು. ಸಾವಿರಾರು ರೂಪಾಯಿಯ ತೀರ್ಪು ಅದು. ಪಕ್ಕದ ಮನೆಯ ಕಾರಿನಿಂದ ಜಂಪರ್ ಕೇಬಲ್ ಹಾಕಿ ಎಂಜಿನ್ ಎಬ್ಬಿಸಿದೆ. ಆಮೇಲೆ, ಮನೆಯಲ್ಲಿ ದೂಳು ತಿನ್ನುತ್ತಿದ್ದ, ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು ತಂದೆ.

ಆಲ್ಟರ್ನೇಟರ್ ಎಂದರೆ ಎಂಜಿನ್ನಿನ ಬೆಲ್ಟ್ ತಿರುಗಿಸುವ ಪುಟ್ಟ ವಿದ್ಯುತ್ ಕೇಂದ್ರ. ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದೇ ಇಲ್ಲಿಯೂ ನಡೆಯುವುದು. ನಡುವೆ ತಿರುಗುವ ಸುರುಳಿಗೆ ಎರಡು ಕಾರ್ಬನ್ ಬ್ರಷ್‌ಗಳ ಮೂಲಕ ಸ್ವಲ್ಪ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗುತ್ತದೆ. ಸುತ್ತಲಿನ ಸುರುಳಿಗಳಲ್ಲಿ ಹುಟ್ಟುವ, ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತನ್ನು ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಒಂದೇ ದಿಕ್ಕಿನ ಡಿಸಿಗೆ ತಿರುಗಿಸುತ್ತವೆ. ಅಗ್ಗದ ಸಿಲಿಕಾನ್ ಡಯೋಡ್ ಬರುವವರೆಗೆ ಕಾರುಗಳಲ್ಲಿ ಡಯೋಡ್ ಇಲ್ಲದೆಯೇ ಡಿಸಿ ಕೊಡುವ ಡೈನಮೋಗಳದೇ ರಾಜ್ಯ. 1960ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟ ಮೇಲೆ ಉಳಿದವರೂ ಅದೇ ದಾರಿ ಹಿಡಿದರು.

ಪೂರ್ತಿ ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದರೊಳಕ್ಕೆ ಕರೆಂಟ್ ನುಗ್ಗಬೇಕಾದರೆ ಹೊರಗಿನ ವೋಲ್ಟೇಜ್ ಅದಕ್ಕಿಂತ ಹೆಚ್ಚಿರಬೇಕು. ತೀರಾ ಹೆಚ್ಚಾದರೆ ಒಳಗಿನ ನೀರು ಒಡೆದು ಅನಿಲವಾಗುತ್ತದೆ. ಹಾಗಾಗಿ ಆಲ್ಟರ್ನೇಟರಿನ ವೋಲ್ಟೇಜ್ ಕಾಯುವ ರೆಗ್ಯುಲೇಟರ್ ಅದನ್ನು 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ನನ್ನ ಆಲ್ಟರ್ನೇಟರಿನ ಬೆನ್ನಿನಲ್ಲಿ 14.3 ಇತ್ತು. ಅಂದರೆ ಅದು ನಿರಪರಾಧಿ. ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ ಮಾತ್ರ 12.5. ನಡುವಿನ 1.8 ವೋಲ್ಟ್ ಎಲ್ಲಿ ಸೋರಿತು? ಮೀಟರಿನ ಒಂದು ತಂತಿಯ ಮೊನೆಯನ್ನು ಟರ್ಮಿನಲ್ ಮೇಲೆ, ಇನ್ನೊಂದನ್ನು ಅದನ್ನೇ ಅಪ್ಪಿಕೊಂಡಿದ್ದ ಕೇಬಲ್ಲಿನ ಕ್ಲಾಂಪಿನ ಮೇಲೆ ಒತ್ತಿದೆ: 1.6. ಅಪರಾಧಿ, ಎರಡರ ನಡುವೆ ಕೂತಿದ್ದ ಕಾಗದದಷ್ಟು ತೆಳುವಾದ ಬಿಳಿ-ಹಸಿರು ಪುಡಿಯ ಪದರ. ಹಳೆಯ ಕ್ಲಾಂಪನ್ನು ಒರೆಸದೆಯೇ ಹೊಸ ಬ್ಯಾಟರಿಗೆ ಬಿಗಿದಿದ್ದರು.

ಸುಮಾರು 10 ಆಂಪಿಯರ್ ಹರಿಯುತ್ತಿತ್ತು ಎಂದಿಟ್ಟುಕೊಂಡರೆ, ಓಮನ ನಿಯಮದ ಪ್ರಕಾರ (ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ) ಆ ಪುಡಿಯ ಅಡ್ಡಿ 0.16 ಓಮ್. ಕೇಳಿದರೆ ಏನೂ ಅಲ್ಲ. ಆದರೆ ಸ್ಟಾರ್ಟರ್ ಮೋಟಾರ್ 150 ಆಂಪಿಯರ್ ಕೇಳಿತೆನ್ನಿ: ಅಷ್ಟನ್ನು ಈ ಪದರ ದಾಟಿಸುವುದಕ್ಕೇ 24 ವೋಲ್ಟ್ ಬೇಕು, ಇರುವುದು 12. ‘ಟಕ್’ ಎಂಬ ಸದ್ದಿನ ಅರ್ಥ ಇಷ್ಟೇ. ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಇದನ್ನು ಹೇಳಲೇ ಇಲ್ಲ. ಹೆಸರಿಗೆ ಬ್ಯಾಟರಿ ದೀಪವಾದರೂ ಅದು ಕಾಯುವುದು ಆಲ್ಟರ್ನೇಟರನ್ನು.

ಆದ್ದರಿಂದ ಅಳೆಯುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು, ಮಾಡಲೇಬೇಕು ಎಂಬುದು ನನ್ನ ಹಟ. ಟರ್ಮಿನಲ್ ಒರೆಸುವುದು, ಕಿರುಗುಟ್ಟುವ ಬೆಲ್ಟ್ ನೋಡುವುದು ಕೂಡ ಮನೆಯ ಕೆಲಸಗಳೇ. ಕೆಲವು ಹಳೆಯ ಆಲ್ಟರ್ನೇಟರುಗಳಲ್ಲಿ ಬ್ರಷ್‌ಗಳನ್ನು ಹಿಂಬದಿಯ ಸ್ಕ್ರೂ ಬಿಚ್ಚಿಯೇ ಬದಲಿಸಬಹುದು. ಕೈ ಪಳಗಿದ್ದರೆ ಅದನ್ನೂ ಮಾಡಿ. ಡಯೋಡ್, ಬೇರಿಂಗ್ ಕೆಟ್ಟಿದ್ದರೆ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋಗುವುದೇ ಲಾಭ. ಅಂಕಿಗಳನ್ನು ಬರೆದುಕೊಂಡು ಹೋದರೆ ಆತ ನಿಮ್ಮೊಡನೆ ಮಾತನಾಡುವ ಧಾಟಿಯೇ ಬೇರೆಯಾಗುತ್ತದೆ. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಏರಿಳಿಸುತ್ತದೆ, ಅಲ್ಲಿ 12.8 ಕಂಡ ಮಾತ್ರಕ್ಕೆ ದೋಷವೆನ್ನಲಾಗದು. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳನ್ನಂತೂ ಮುಟ್ಟಲೇಬೇಡಿ, ಅವುಗಳಲ್ಲಿರುವುದು ಜೀವ ತೆಗೆಯುವ ವೋಲ್ಟೇಜ್.

ಆಲ್ಟರ್ನೇಟರಿನ ಬೆನ್ನಿನ ದಪ್ಪ ಬೋಲ್ಟ್ ಎಂಜಿನ್ ನಿಂತಿದ್ದರೂ ಬ್ಯಾಟರಿಯ ಪಾಸಿಟಿವ್‌ಗೆ ನೇರ ಸೇರಿರುತ್ತದೆ, ಎಂಜಿನ್ನಿನ ಲೋಹ ನೆಗೆಟಿವ್‌ಗೆ. ಸ್ಪ್ಯಾನರ್ ಅದಕ್ಕೂ ಎಂಜಿನ್ನಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರೇ ಕೆಂಪಗೆ ಕಾಯುತ್ತದೆ. ಅದಕ್ಕೇ ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಿ ‘ನಿಂತಿತೇ, ಇಲ್ಲವೇ’ ಎಂದು ನೋಡುವ ಹಳೆಯ ಪರೀಕ್ಷೆಯೊಂದಿದೆ. ಡೈನಮೋ ಕಾಲದಲ್ಲಿ ಹೇಗೋ ನಡೆಯಿತು. ಈಗ ಆ ಕ್ಷಣದಲ್ಲಿ ಚಿಮ್ಮುವ ವೋಲ್ಟೇಜ್ ಕಾರಿನ ಎಲೆಕ್ಟ್ರಾನಿಕ್ಸನ್ನೇ ಸುಡಬಲ್ಲದು. ಮಾಡುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ.

ನಾನು ಎಂಜಿನ್ ನಿಲ್ಲಿಸಿ, ನೆಗೆಟಿವ್ ಕಳಚಿ, ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕ್ಲಾಂಪ್ ತಿಕ್ಕಿದೆ. ಪುಡಿ ನೊರೆಯೆದ್ದು ಹೋಯಿತು. ಒರೆಸಿ, ಬಿಗಿದು, ಎಂಜಿನ್ ಎಬ್ಬಿಸಿ ಅಳೆದರೆ ಟರ್ಮಿನಲ್ ಮೇಲೆ 14.1. ಹದಿನೈದು ದಿನದ ಹಿಂದೆ ವಿನಿಮಯಕ್ಕೆ ಕೊಟ್ಟ ಹಳೆಯ ಬ್ಯಾಟರಿ ಆಗ ನೆನಪಾಯಿತು.