40 ತುಂಬದೆ ಕಬ್ಬಾಲಾ ಓದಿದರೆ ತಲೆ ಕೆಡುತ್ತಾ?

“ನನಗೆ 26 ವರ್ಷ. ಕಬ್ಬಾಲಾ ಬಗ್ಗೆ ಓದೋ ಆಸೆ. ಆದರೆ 40 ತುಂಬೋ ಮೊದಲು ಓದಿದ್ರೆ ಹುಚ್ಚು ಹಿಡಿಯುತ್ತೆ ಅಂತಾರೆ. ನಿಜವಾ?”

ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಇನ್ನೊಮ್ಮೆ ಹೇಳುತ್ತೇನೆ, ಯಾರಾದರೂ ಕೇಳಿದರೆ ಇದನ್ನೇ ತೋರಿಸಿ. ಇಲ್ಲ, ಹುಚ್ಚು ಹಿಡಿಯುವುದಿಲ್ಲ.

ಕಬ್ಬಾಲಾ ಅಂದರೆ ಯೆಹೂದಿಗಳ ಅನುಭಾವದ ದಾರಿ. ಕೊನೆಯೇ ಇಲ್ಲದ ದೇವರು, ಅಂದರೆ ‘ಏನ್ ಸೋಫ್’, ಹತ್ತು ‘ಸೆಫಿರೋತ್’ಗಳ ಮೂಲಕ ಲೋಕಕ್ಕೆ ತೋರಿಕೊಳ್ಳುತ್ತಾನೆ ಅನ್ನುವುದು ಅದರ ತಿರುಳು. ಮುಖ್ಯ ಗ್ರಂಥವಾದ ಜೋಹರ್ ಬೆಳಕಿಗೆ ಬಂದದ್ದು 13ನೇ ಶತಮಾನದ ಕೊನೆಗೆ, ಸ್ಪೇನಿನಲ್ಲಿ. ಇಷ್ಟು ನಿಮಗೆ ಗೊತ್ತೇ ಇರುತ್ತೆ.

ಈಗ ವಯಸ್ಸಿನ ಲೆಕ್ಕಕ್ಕೆ ಬನ್ನಿ. ಇವತ್ತು ಕಬ್ಬಾಲಾ ಅಂತ ಓದುವುದರಲ್ಲಿ ಜಾಸ್ತಿ ಪಾಲು ಇಸಾಕ್ ಲೂರಿಯಾ ಕಲಿಸಿದ್ದು. ಅವರು ಹುಟ್ಟಿದ್ದು 1534ರಲ್ಲಿ, ತೀರಿಕೊಂಡದ್ದು 1572ರಲ್ಲಿ. ಬದುಕಿದ್ದೇ 38 ವರ್ಷ! ಈಗಿನ ಇಸ್ರೇಲಿನ ಉತ್ತರಕ್ಕಿರುವ ಗಲಿಲಾಯದ ಸಫೇದ್ ಊರಿನಲ್ಲಿ ಪಾಠ ಹೇಳಿದ್ದು ಸುಮಾರು ಎರಡೇ ವರ್ಷ. ಆ ಪಾಠವನ್ನು ಬರೆದಿಟ್ಟ ಶಿಷ್ಯ ಹಯೀಮ್ ವಿಟಾಲ್‌ಗೆ ಆಗ 30 ಕೂಡ ತುಂಬಿರಲಿಲ್ಲ. ಅದೇ ಊರಿನ ಮೋಶೆ ಕೊರ್ದೊವೆರೊ ತಮ್ಮ ದೊಡ್ಡ ಗ್ರಂಥವನ್ನು 30ರೊಳಗೇ ಬರೆದು ಮುಗಿಸಿದ್ದರು. 40ರ ನಿಯಮ ಮೊದಲಿನಿಂದಲೂ ಇದ್ದಿದ್ದರೆ ಇವರ್ಯಾರೂ ಪುಸ್ತಕ ಮುಟ್ಟುವಂತೆಯೇ ಇರಲಿಲ್ಲ, ಅಲ್ವಾ?

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಒಂದು ದೊಡ್ಡ ನೋವಿನಿಂದ. 1665ರಲ್ಲಿ ಈಗಿನ ಟರ್ಕಿಯ ಇಜ್ಮಿರ್‌ನ ಸಬ್ಬತಾಯ್ ಜ್ವಿ ತಾನೇ ಮೆಸ್ಸೀಯ, ಅಂದರೆ ಯೆಹೂದಿಗಳು ಕಾಯುತ್ತಿದ್ದ ಉದ್ಧಾರಕ, ಅಂತ ಸಾರಿದ. ಅವನ ಕಡೆಯವರು ಅದಕ್ಕೆ ಕಬ್ಬಾಲಾದ ಆಧಾರ ಕೊಟ್ಟರು. ಊರೂರಿನ ಯೆಹೂದಿಗಳು ನಂಬಿದರು. ಹ್ಯಾಂಬರ್ಗ್‌ನಲ್ಲಿದ್ದ ಗ್ಲೂಕೆಲ್ ಎಂಬ ಹೆಣ್ಣುಮಗಳು ತನ್ನ ನೆನಪುಗಳಲ್ಲಿ ಇದನ್ನು ಬರೆದಿದ್ದಾಳೆ. ಅವಳ ಮಾವ ಎರಡು ದೊಡ್ಡ ಪೀಪಾಯಿಗಳಲ್ಲಿ ಬಟ್ಟೆ, ಬಟಾಣಿ, ಒಣಮಾಂಸ, ಒಣಹಣ್ಣು ತುಂಬಿಸಿ ಕಳಿಸಿದ್ದರಂತೆ. ಪವಿತ್ರ ಭೂಮಿಗೆ ಹಡಗು ಹತ್ತುವ ದಿನಕ್ಕೆ ಬೇಕಾಗುತ್ತೆ ಅಂತ. ಆ ಪೀಪಾಯಿಗಳು ವರ್ಷಕ್ಕೂ ಜಾಸ್ತಿ ಅವಳ ಮನೆಯಲ್ಲೇ ಕೂತವು. ಅತ್ತ 1666ರಲ್ಲಿ ಆಟೊಮನ್ ಸುಲ್ತಾನನ ಮುಂದೆ ಸಬ್ಬತಾಯ್ ಪೇಟ ಸುತ್ತಿಕೊಂಡು ಮುಸಲ್ಮಾನನಾದ.

ಆ ಗಾಯ ಮಾಯುವ ಮೊದಲೇ ಪೋಲೆಂಡಿನಲ್ಲಿ ಯಾಕೋಬ್ ಫ್ರಾಂಕ್ ಅದೇ ದಾರಿ ಹಿಡಿದ. ಆಗ, 1756ರಲ್ಲಿ, ಬ್ರೋಡಿ ಊರಿನಲ್ಲಿ ಸೇರಿದ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಬೇಲಿ ಹಾಕಿದರು. ಜೋಹರ್‌ಗೆ 30, ಲೂರಿಯಾ ಬೋಧನೆಗೆ 40. ಹೀಗೆ ಹೇಳಿದವರು ಅದಕ್ಕೂ ಮೊದಲು ಇದ್ದರು, ಆದರೆ ಮಾತು ಗಟ್ಟಿಯಾಗಿ ಊರಿಕೊಂಡದ್ದು ಈ ಭಯದಿಂದ. ಮನೆ ಸುಟ್ಟವರು ಬೆಂಕಿಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟ ಹಾಗೆ.

ಹುಚ್ಚಿನ ಮಾತು ಇನ್ನೂ ಹಳೆಯದು. ನಾಲ್ವರು ‘ಪರ್ದೇಸ್’ ಎಂಬ ತೋಟ ಹೊಕ್ಕ ಕಥೆ ಯೆಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮೂದ್‌ನಲ್ಲಿದೆ. ತೋಟ ಅಂದರೆ ದೇವರ ಗುಟ್ಟಿನ ಅರಿವು. ಒಬ್ಬ ಸತ್ತ, ಒಬ್ಬನ ಬುದ್ಧಿ ಕೆಟ್ಟಿತು, ಒಬ್ಬ ನಂಬಿಕೆ ಬಿಟ್ಟ. ರಬ್ಬಿ ಅಕಿವಾ ಮಾತ್ರ ನೆಮ್ಮದಿಯಿಂದ ಹೊರಗೆ ಬಂದರು. ಕಥೆಯಲ್ಲಿ ವಯಸ್ಸಿನ ಸುದ್ದಿಯೇ ಇಲ್ಲ. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಹೇಳಿದ್ದೂ ಬೇರೆಯೇ. ರೊಟ್ಟಿ, ಮಾಂಸದಿಂದ ಹೊಟ್ಟೆ ತುಂಬಿಸಿಕೊಂಡವನೇ ಆ ತೋಟಕ್ಕೆ ಹೋಗಲಿ ಅಂದರು. ರೊಟ್ಟಿ, ಮಾಂಸ ಅಂದರೆ ಧರ್ಮಶಾಸ್ತ್ರದ ಓದು.

ಹಾಗಾಗಿ 26ಕ್ಕೂ ಓದಬಹುದು. ಆದರೆ ನೇರ ಜೋಹರ್‌ಗೆ ಕೈಹಾಕಬೇಡಿ. ಅದು ತೋರಾದ, ಅಂದರೆ ಬೈಬಲ್‌ನ ಮೊದಲ ಐದು ಪುಸ್ತಕಗಳ, ಸಾಲುಗಳನ್ನು ಹಿಡಿದು ಮಾತಾಡುತ್ತೆ. ಮೊದಲು ಅದರ ಮೊದಲ ಪುಸ್ತಕ ಆದಿಕಾಂಡವನ್ನಾದರೂ ನಿಧಾನವಾಗಿ ಓದಿ.

ಇನ್ನೊಂದು ವಿಷಯ. ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಶುಕ್ರವಾರ ಸಂಜೆ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ‘ಲೆಖಾ ದೋದಿ’ ಅನ್ನುವ ಹಾಡು ಹಾಡುತ್ತಾರೆ. ಬರೆದವರು ಸಫೇದ್‌ನ ಕಬ್ಬಾಲಿ ಶ್ಲೋಮೊ ಅಲ್ಕಬೆಟ್ಸ್. ಮೊದಲ ಎಂಟು ನುಡಿಗಳ ಮೊದಲಕ್ಷರ ಕೂಡಿಸಿದರೆ ಅವರದೇ ಹೆಸರು ಬರುತ್ತೆ. ಸಬ್ಬತ್, ಅಂದರೆ ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿಯ ದಿನ, ಅವರಿಗೆ ಮದುಮಗಳು. ಅವಳನ್ನು ಎದುರುಗೊಳ್ಳಲು ಸಫೇದ್‌ನ ಕಬ್ಬಾಲಿಗಳು ಊರಾಚೆಯ ಹೊಲಕ್ಕೇ ನಡೆದು ಹೋಗುತ್ತಿದ್ದರು. ಈಗ ಕೊನೆಯ ನುಡಿ ಬಂದಾಗ ಎಲ್ಲರೂ ಬಾಗಿಲ ಕಡೆ ತಿರುಗುತ್ತಾರೆ. “ಬೋಯೀ ಕಲ್ಲಾ”, ಅಂದರೆ “ಬಾ ಮದುಮಗಳೇ”, ಅಂತ ತಲೆಬಾಗುತ್ತಾರೆ. ಅಪ್ಪನ ಕೈ ಹಿಡಿದು ನಿಂತ ಐದು ವರ್ಷದ ಮಗುವೂ ಬಾಗಿಲ ಕಡೆ ತಿರುಗುತ್ತೆ.