ಉತಾರದ ಮೇಲಿನ ಆಕಾರ ಎಲ್ಲಿಂದ ಬಂತು? ರಿಕಾರ್ಡೋನಿಂದ ನರಗುಂದದವರೆಗೆ ಗೇಣಿಯ ದಾರಿ

ಧಾರವಾಡದ ಯಾವ ಪದವಿ ಕಾಲೇಜಿಗೆ ಹೋದರೂ ಕಲಾ ವಿಭಾಗದ ವಿದ್ಯಾರ್ಥಿಯ ಚೀಲದಲ್ಲಿ ನಾಲ್ಕು ನೋಟಬುಕ್ಕು ಸಿಗುತ್ತವೆ. ಅರ್ಥಶಾಸ್ತ್ರದ್ದರಲ್ಲಿ ರಿಕಾರ್ಡೋನ ಗೇಣಿ ಸಿದ್ಧಾಂತ ಇರುತ್ತದೆ, ಇತಿಹಾಸದ್ದರಲ್ಲಿ ರೈತನೇ ನೇರವಾಗಿ ಸರಕಾರಕ್ಕೆ ಕಂದಾಯ ಕಟ್ಟುವ ರಯತವಾರಿ ಪದ್ಧತಿ. ಸಮಾಜಶಾಸ್ತ್ರದ್ದರಲ್ಲಿ ಭೂಸುಧಾರಣೆ, ರಾಜ್ಯಶಾಸ್ತ್ರದ್ದರಲ್ಲಿ ರೈತ ಚಳವಳಿ, ಅದರೊಳಗೆ ನರಗುಂದಕ್ಕೆ ಒಂದು ಪ್ಯಾರಾ. ನಾಲ್ಕೂ ಬೇರೆ ಬೇರೆ ಪಾಠವೆಂದುಕೊಂಡು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ. ನಿಜದಲ್ಲಿ ನಾಲ್ಕೂ ಕಡೆ ಕೇಳುತ್ತಿರುವ ಪ್ರಶ್ನೆ ಒಂದೇ: ಹೊಲದ ಬೆಳೆಯಲ್ಲಿ ಖರ್ಚು, ಕೂಲಿ, ಬೀಜ ಎಲ್ಲ ಕಳೆದು ಮಿಕ್ಕದ್ದು ಯಾರಿಗೆ ಸೇರಬೇಕು, ಮತ್ತು ಅದು ಎಷ್ಟೆಂದು ಅಳೆಯುವುದು ಹೇಗೆ? ಹೊಲದ ಉತಾರದಲ್ಲಿ (ಪಹಣಿಯಲ್ಲಿ) ‘ಆಕಾರ’ ಎಂದು ಬರೆದಿರುವ ಕಂದಾಯದ ಮೊತ್ತ ಹುಟ್ಟಿದ್ದೂ ಇದೇ ಪ್ರಶ್ನೆಯಿಂದ.

ಮೊದಲು ಸಿದ್ಧಾಂತ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೋ ಇದನ್ನು 1815ರ ಒಂದು ಕಿರುಹೊತ್ತಿಗೆಯಲ್ಲಿ ಹೇಳಿ, 1817ರಲ್ಲಿ ಪೂರ್ಣವಾಗಿ ಬರೆದ. ನಮ್ಮ ಜೋಳದ ಲೆಕ್ಕದಲ್ಲೇ ನೋಡೋಣ. ಒಂದು ಊರಲ್ಲಿ ಮೂರು ತರದ ನೆಲವಿದೆ. ಅಷ್ಟೇ ದುಡಿಮೆಗೆ, ಅಷ್ಟೇ ಖರ್ಚಿಗೆ ಎರಿ (ಕಪ್ಪು ಮಣ್ಣಿನ) ಹೊಲ ಎಕರೆಗೆ 8 ಚೀಲ ಕೊಡುತ್ತದೆ, ಮಸಾರಿ (ಕೆಂಪು ಮಣ್ಣು) 6, ಗರಸು ಮಡ್ಡಿ (ಕಲ್ಲುಹರಳಿನ ಬಡ ನೆಲ) 4. ಖರ್ಚು ಮೂರಕ್ಕೂ 4 ಚೀಲದ ಬೆಲೆಯಷ್ಟೇ. ಜನ ಕಡಿಮೆ ಇದ್ದಾಗ ಎರಿ ಹೊಲ ಬಿತ್ತಿದರೆ ಊರಿಗೆ ಸಾಕು. ಬೇಕಾದಷ್ಟು ಎರಿ ಖಾಲಿ ಬಿದ್ದಿರುವಾಗ ಯಾರೂ ಯಾರಿಗೂ ಗೇಣಿ ಕೊಡುವುದಿಲ್ಲ. ಜನ ಹೆಚ್ಚಿ, ಜೋಳದ ಬೆಲೆ ಏರಿ, ಮಡ್ಡಿಯನ್ನೂ ಬಿತ್ತಬೇಕಾಗಿ ಬಂದಾಗ ಎರಿ ಹೊಲದಲ್ಲಿ 4 ಚೀಲ, ಮಸಾರಿಯಲ್ಲಿ 2 ಚೀಲ ಹೆಚ್ಚುವರಿ ನಿಲ್ಲುತ್ತದೆ. ಅದೇ ಗೇಣಿ. ಕಟ್ಟಕಡೆಯ ಮಡ್ಡಿಯಲ್ಲಿ ಸೊನ್ನೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಎರಡು. ಗೇಣಿ ಜಾಸ್ತಿಯಾದ್ದರಿಂದ ಜೋಳ ತುಟ್ಟಿಯಾಯಿತು ಎಂದು ಬರೆಯುತ್ತಾರೆ. ರಿಕಾರ್ಡೋ ಹೇಳಿದ್ದು ತಿರುಗಮುರುಗ: ಜೋಳ ತುಟ್ಟಿಯಾದ್ದರಿಂದ ಗೇಣಿ ಹುಟ್ಟಿತು. ಎರಡನೆಯದು, ಲಾವಣಿ ಹಾಕಿಕೊಂಡ, ಅಂದರೆ ಬೇರೆಯವರ ಹೊಲವನ್ನು ಗುತ್ತಿಗೆಗೆ ಪಡೆದ ರೈತ ಹೊಲದ ಮಾಲೀಕನಿಗೆ ಕೊಡುವ ಹಣವನ್ನೇ ರಿಕಾರ್ಡೋನ ಗೇಣಿ ಎಂದು ತಿಳಿಯುವುದು. ಲಾವಣಿಯ ಹಣದಲ್ಲಿ ಬಾವಿ, ಒಡ್ಡು, ಬೇಲಿಗೆ ಮಾಲೀಕ ಹಾಕಿದ ದುಡ್ಡಿನ ಪ್ರತಿಫಲವೂ ಸೇರಿರುತ್ತದೆ, ಬೇರೆ ಗತಿಯಿಲ್ಲದ ರೈತನಿಂದ ಹಿಂಡಿದ್ದೂ ಸೇರಿರುತ್ತದೆ. ರಿಕಾರ್ಡೋ ಗೇಣಿಯೆಂದು ಕರೆದದ್ದು ಮಣ್ಣಿನ ‘ಮೂಲ ಮತ್ತು ಅವಿನಾಶಿ’ ಶಕ್ತಿಗೆ ಸಲ್ಲುವ ಪಾಲನ್ನು ಮಾತ್ರ. ಈ ‘ಅವಿನಾಶಿ’ ಎಂಬ ಮಾತನ್ನು ನೆನಪಿಡಿ. ನವಲಗುಂದದ ಹೊಲಗಳಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಲಂಡನ್ನಿನ ಈ ವಿಚಾರ ನಮ್ಮ ಸೀಮೆಗೆ ಬಂದದ್ದು ಪುಸ್ತಕದ ಮೂಲಕವಲ್ಲ, ಅಧಿಕಾರಿಗಳ ಮೂಲಕ. ರಿಕಾರ್ಡೋನ ಬೆನ್ನುಹತ್ತಿ ಪುಸ್ತಕ ಬರೆಸಿದ ಗೆಳೆಯ ಜೇಮ್ಸ್ ಮಿಲ್ 1819ರಿಂದ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿದ್ದ. ಗೇಣಿ ಎಂಬುದು ಬರೀ ಹೆಚ್ಚುವರಿಯಾದ್ದರಿಂದ ಸರಕಾರ ಅದನ್ನಷ್ಟೇ ತೆಗೆದುಕೊಂಡರೆ ಬೇಸಾಯಕ್ಕೆ ಕುತ್ತಿಲ್ಲ, ಬೆಲೆಯೂ ಏರುವುದಿಲ್ಲ ಎಂಬುದು ಅವನ ವಾದ. ಭಾರತಕ್ಕೆ ಬರುವ ತರುಣ ಅಧಿಕಾರಿಗಳಿಗೆ ಹೇಲಿಬರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು ಮಾಲ್ಥಸ್. 1815ರಲ್ಲೇ ಗೇಣಿಯ ಬಗ್ಗೆ ಅವನೂ ಬರೆದಿದ್ದ. ಆ ಕಾಲೇಜಿನಲ್ಲಿ ಓದಿ ಬಂದ ಆರ್. ಕೆ. ಪ್ರಿಂಗಲ್ 1820ರ ದಶಕದ ಕೊನೆಯಲ್ಲಿ ಪುಣೆ ಸೀಮೆಯ ಸರ್ವೆ ಮಾಡಿ, ತರಗತಿಯ ಸೂತ್ರವನ್ನು ಹಾಗೇ ಹೊಲಕ್ಕಿಳಿಸಿದ. ಒಟ್ಟು ಬೆಳೆಯಿಂದ ಎತ್ತು, ಬೀಜ, ಆಳು ಎಲ್ಲದರ ಖರ್ಚು ಕಳೆದು ನಿವ್ವಳ ತೆಗೆಯುವುದು, ಅದರಲ್ಲಿ ಶೇ. 55 ಸರಕಾರಕ್ಕೆ.

ಕೂಡಿಸಿ ಕಳೆಯುವುದರಲ್ಲಿ ತಪ್ಪಿರಲಿಲ್ಲ, ಕೂಡಿಸಿ ಕಳೆದ ಅಂಕಿಗಳೇ ಹುಸಿ. ಪ್ರತಿ ಮಣ್ಣಿನ ಇಳುವರಿ, ಪ್ರತಿ ಬೆಳೆಯ ಖರ್ಚನ್ನು ಕೆಳಗಿನ ನೌಕರರು ಬರೆದುಕೊಡುತ್ತಿದ್ದರು. ಅಳತೆಯಲ್ಲಿ ತಪ್ಪು ನುಗ್ಗಿತು, ಲಂಚ ನುಗ್ಗಿತು. ಮೇಲಾಗಿ ಧಾನ್ಯದ ಬೆಲೆ ಬಿತ್ತು, ತೆರಿಗೆ ಇದ್ದಲ್ಲೇ ಇತ್ತು. ರೈತರು ಹೊಲ ಬಿಟ್ಟು ಹೋದರು. ಇಂದಾಪುರ ತಾಲ್ಲೂಕಿನ ಸ್ಥಿತಿ ನೋಡಿ 1835ರ ಸುಮಾರಿಗೆ ಕಂಪನಿಯ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ಲೆಫ್ಟಿನೆಂಟ್ ವಿಂಗೇಟ್ ಹೊಸದಾಗಿ ಕೆಲಸ ಹಿಡಿದರು. ಅವರು ನಿವ್ವಳ ಉತ್ಪನ್ನ ಲೆಕ್ಕ ಹಾಕುವುದನ್ನೇ ಕೈಬಿಟ್ಟರು. ಒಂದು ಹೊಲದ ಗೇಣಿ ಎಷ್ಟು ಎಂಬುದು ಗೊತ್ತಾಗದಿದ್ದರೂ ಒಂದು ಹೊಲ ಇನ್ನೊಂದಕ್ಕಿಂತ ಎಷ್ಟು ಮೇಲು ಎಂಬುದು ಗೊತ್ತಾಗುತ್ತದೆ. ಅಷ್ಟು ಸಾಕು ಎಂದುಕೊಂಡರು. ಪರಿಕಲ್ಪನೆಯನ್ನು ಅಳತೆಗೆ ಇಳಿಸುವುದೆಂದರೆ ಏನು ಎಂದು ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಕೇಳುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನೆಲದಲ್ಲಿ ಸಿಗಲಾರದು.

1840ರ ದಶಕದಲ್ಲಿ ವಿಂಗೇಟನ ಸರ್ವೆ ಧಾರವಾಡ ಜಿಲ್ಲೆಗೆ ಬಂತು. ಆಗಿನ ಧಾರವಾಡ ಜಿಲ್ಲೆಯೆಂದರೆ ಇಂದಿನ ಗದಗ, ಹಾವೇರಿಗಳೂ ಸೇರಿದ ಸೀಮೆ. ವಿಧಾನವನ್ನು 1847ರ ಜಂಟಿ ವರದಿ ನಿಯಮವಾಗಿ ಬರೆದಿಟ್ಟಿತು. ಅದು ಹೀಗೆ.

ಸರಪಳಿಯ ಉದ್ದ 33 ಅಡಿ. ಒಂದು ಸರಪಳಿ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಇಂದಿಗೂ ನಾವು ಹೊಲ ಮಾರುವಾಗ ಬಳಸುವ ಅಳತೆ ಇದೇ. ಆಮೇಲೆ ಹೊಲವನ್ನು ಸಮ ಭಾಗಗಳಾಗಿ ಮಾಡಿ, ಪ್ರತಿ ಭಾಗದಲ್ಲಿ ಮಣ್ಣು ಅಗೆದು ಆಳ ನೋಡುವುದು. ಆಳಕ್ಕೆ ಮೊಳದ ಲೆಕ್ಕ, ಒಂದು ಮೊಳಕ್ಕೆ ಒಂದೂವರೆ ಅಡಿ. ನಯವಾದ ಕಪ್ಪು ಮಣ್ಣು 1¾ ಮೊಳ ಇದ್ದರೆ 16 ಆಣೆ (ಅಂದರೆ ಪೂರ್ತಿ ದರ್ಜೆ), 1½ ಮೊಳಕ್ಕೆ 14, 1¼ಕ್ಕೆ 12, ಒಂದು ಮೊಳಕ್ಕೆ 10, ಹೀಗೆ ಇಳಿಯುತ್ತ ಕಾಲು ಮೊಳಕ್ಕೆ 4½ ಆಣೆ. ಸ್ವಲ್ಪ ಒರಟಾದ, ಸಾಮಾನ್ಯವಾಗಿ ಕೆಂಪು ಮಣ್ಣು ಅಷ್ಟೇ ಆಳವಿದ್ದರೂ ಒಂದು ದರ್ಜೆ ಕೆಳಗೆ: 1¾ ಮೊಳಕ್ಕೆ 14 ಆಣೆ. ಗರಸು ಕೂಡಿದ ಮೂರನೆಯ ತರದ್ದು ಒಂದು ಮೊಳವಿದ್ದರೆ 6 ಆಣೆ, ಕಾಲು ಮೊಳಕ್ಕೆ 2. ಒಟ್ಟು ಒಂಬತ್ತು ದರ್ಜೆ.

ಇಷ್ಟಕ್ಕೇ ಮುಗಿಯಲಿಲ್ಲ, ದೋಷಗಳನ್ನೂ ಎಣಿಸಬೇಕು. ಸುಣ್ಣಕಲ್ಲಿನ ಹರಳು, ಮರಳಿನ ಬೆರಕೆ, ಇಳಿಜಾರು, ಮಣ್ಣಿಗೆ ಹಿಡಿತವಿಲ್ಲದಿರುವುದು, ನೀರು ಇಂಗದಿರುವುದು, ಹರಿನೀರು ಮೇಲೆ ಹಾಯುವ ಭಯ, ಒರತೆಯಿಂದ ಅತಿ ತೇವ: ಒಂದೊಂದು ದೋಷಕ್ಕೂ ನಕಾಶೆಯ ಮೇಲೆ ಒಂದೊಂದು ಗುರುತು, ಒಂದೊಂದು ದರ್ಜೆ ಇಳಿಕೆ. ಎಲ್ಲ ಭಾಗಗಳ ಆಣೆ ಕೂಡಿಸಿ ಸರಾಸರಿ ತೆಗೆದರೆ ಹೊಲದ ಆಣೆ ಸಿಕ್ಕಿತು. ಕೊನೆಗೆ ಮಳೆ, ಪೇಟೆಯ ದೂರ, ಬೇಸಾಯದ ರೂಢಿ ನೋಡಿ ಊರುಗಳನ್ನು ಗುಂಪು ಮಾಡಿ, ಗುಂಪಿಗೊಂದು ಗರಿಷ್ಠ ದರ. ಆ ದರ ಎಕರೆಗೆ 1 ರೂಪಾಯಿ 8 ಆಣೆ ಎಂದಿಟ್ಟುಕೊಳ್ಳಿ. ರೂಪಾಯಿಗೆ 16 ಆಣೆಯಂತೆ 24 ಆಣೆ. 1¼ ಮೊಳ ಆಳದ ಎರಿ ಹೊಲ, ಸುಣ್ಣಕಲ್ಲಿನ ದೋಷವೊಂದಿದೆ. 12 ಆಣೆಯಿಂದ 10ಕ್ಕೆ ಇಳಿಯಿತು. 24 ಆಣೆಯ ಹದಿನಾರರಲ್ಲಿ ಹತ್ತು ಭಾಗವೆಂದರೆ ಎಕರೆಗೆ 15 ಆಣೆ. ನಾಲ್ಕು ಎಕರೆಗೆ 3 ರೂಪಾಯಿ 12 ಆಣೆ. ಇದೇ ಆ ಹೊಲದ ಆಕಾರ, ಅಂದರೆ ವರ್ಷದ ಕಂದಾಯ, 30 ವರ್ಷಕ್ಕೆ ಖಾಯಂ.

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ರಯತವಾರಿ ಎಂದ ಕೂಡಲೇ ಥಾಮಸ್ ಮನ್ರೋ ಎಂದು ಉತ್ತರ ಕೊಟ್ಟು ಮುಂದೆ ಹೋಗುತ್ತವೆ. 1818ರಲ್ಲಿ ಪೇಶ್ವೆ ರಾಜ್ಯ ಬಿದ್ದಾಗ ಮನ್ರೋ ಧಾರವಾಡ ಸೀಮೆಯಲ್ಲಿದ್ದುದು ನಿಜ. ಆದರೆ ನಮ್ಮ ಹೊಲಗಳ ಆಕಾರ ಕಟ್ಟಿದ್ದು ಮನ್ರೋನ ಮದರಾಸು ಪದ್ಧತಿಯಲ್ಲ, ವಿಂಗೇಟನ ಮುಂಬಯಿ ಪದ್ಧತಿ. ಎರಡರಲ್ಲೂ ಕಂದಾಯ ಕೊಡುವವನು ರೈತನೇ, ಮಣ್ಣಿಗೆ ದರ್ಜೆ ಕಟ್ಟುವ ರೀತಿ ಮಾತ್ರ ಬೇರೆ.

ವಿಂಗೇಟನ ಅಳತೆಗೂ ಕುರುಡು ಜಾಗಗಳಿದ್ದವು. ಆಳವಾದ ಕಪ್ಪು ಮಣ್ಣು ಯಾವಾಗಲೂ ಮೇಲು ಎಂಬ ಎಣಿಕೆ ಅದರ ತಳಪಾಯ. ಆಳವಾದ ಎರಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹಿಂಗಾರಿಯ ಬಿಳಿಜೋಳ, ಕಡಲೆ, ಹತ್ತಿಗೆ ಅದೇ ಸರಿ. ಆದರೆ ಮೊದಲು ಆ ಮಣ್ಣು ತುಂಬುವಷ್ಟು ಮಳೆ ಬೀಳಬೇಕು. ರೋಣ, ನವಲಗುಂದದ ಕಡೆ ಮಳೆ ಕೈಕೊಟ್ಟ ವರ್ಷ 16 ಆಣೆಯ ಹೊಲವೂ ಬಿರುಕು ಬಿಟ್ಟು ನಿಲ್ಲುತ್ತದೆ, ಆಕಾರ ಮಾತ್ರ 16 ಆಣೆಯದೇ. ಮಸಾರಿ ಅಲ್ಪ ಮಳೆಗೂ ಹದಕ್ಕೆ ಬರುತ್ತದೆ. ಮುಂದೆ ಶೇಂಗಾ ಪೇಟೆಯ ಬೆಳೆಯಾದಾಗ, ಕೆಳದರ್ಜೆ ಎನಿಸಿಕೊಂಡಿದ್ದ ಆ ಕೆಂಪು ಹೊಲವೇ ರೊಕ್ಕ ತಂದಿತು. ಬೆಳೆ ಬದಲಾದರೆ ದರ್ಜೆಯೂ ಬದಲಾಗುತ್ತದೆ ಎಂಬುದು ಮೊಳದ ಕೋಲಿಗೆ ಕಾಣುವುದಿಲ್ಲ. ದೂರದ ಲೆಕ್ಕವೂ ಹಾಗೆಯೇ. ಪೇಟೆಗೆ ಹತ್ತಿರದ ಹೊಲಕ್ಕೆ ಸಾಗಣೆ ಉಳಿಯುವುದರಿಂದಲೇ ಗೇಣಿ ಹುಟ್ಟುತ್ತದೆ ಎಂದು ಜರ್ಮನಿಯ ಫಾನ್ ಥ್ಯೂನನ್ 1826ರಲ್ಲೇ ಬರೆದಿದ್ದ. 1880ರ ದಶಕದಲ್ಲಿ ಹುಬ್ಬಳ್ಳಿ, ಗದಗಗಳಿಗೆ ಸದರ್ನ್ ಮರಾಠಾ ರೈಲು ಬಂದಾಗ ಚಕ್ಕಡಿಯ ದೂರದ ಮೇಲೆ ಮಾಡಿದ್ದ ಊರಗುಂಪುಗಳು ಒಮ್ಮೆಲೇ ಹಳತಾದವು.

30 ವರ್ಷದ ಗಡುವು ತೀರಿ ಮರುಸರ್ವೆ ಬಂದದ್ದು 1870ರ ದಶಕದಲ್ಲಿ. ನಡುವೆ ಅಮೆರಿಕದ ಅಂತರ್ಯುದ್ಧದಿಂದ (1861–65) ಹತ್ತಿಯ ಬೆಲೆ ಏರಿ, ಯುದ್ಧ ನಿಂತೊಡನೆ ಇಳಿದಿತ್ತು. ಬೆನ್ನಿಗೇ 1876–78ರ ಭೀಕರ ಬರ. 1879ರ ಮುಂಬಯಿ ಭೂಕಂದಾಯ ಕಾಯ್ದೆ ಒಂದು ಮುಖ್ಯ ಮಾತನ್ನು ಬರೆದಿಟ್ಟಿತು: ರೈತ ಸ್ವಂತ ದುಡ್ಡು ಹಾಕಿ ಬಾವಿ ತೋಡಿ ಹೊಲ ಸುಧಾರಿಸಿದರೆ, ಆ ಹೆಚ್ಚಳದ ಮೇಲೆ ಮರುಸರ್ವೆಯಲ್ಲಿ ಆಕಾರ ಏರಿಸುವಂತಿಲ್ಲ. ಮಣ್ಣಿನ ಗೇಣಿ ಬೇರೆ, ಬಂಡವಾಳದ ಪ್ರತಿಫಲ ಬೇರೆ. ರಿಕಾರ್ಡೋ ಎಳೆದ ಗೆರೆ ಇದೇ.

ಆ ಗೆರೆಯನ್ನು ತಿರುಗಿಸಿ ಹಿಡಿದರೆ ಇನ್ನೊಂದು ವಾದ ಹುಟ್ಟುತ್ತದೆ. ಸರಕಾರದ ದುಡ್ಡಿನಿಂದ ಹೊಲದ ಬೆಲೆ ಏರಿದರೆ ಆ ಹೆಚ್ಚಳದಲ್ಲಿ ಸರಕಾರಕ್ಕೂ ಪಾಲು ಬೇಕು. ಕೇಳಲು ನ್ಯಾಯವಾಗಿಯೇ ಇದೆ. ಅದೇ ಬೆಟರ್‌ಮೆಂಟ್ ಲೆವಿ. 1957ರ ನೀರಾವರಿ ಕಾಯ್ದೆಯಲ್ಲಿ ನೀರಿನ ಕರದ ಜತೆ ಇದಕ್ಕೂ ಜಾಗ ಸಿಕ್ಕಿತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದ ಮೇಲೆ ನರಗುಂದ, ನವಲಗುಂದ, ಸವದತ್ತಿ ರೈತರಿಗೆ ಲೆವಿಯ ನೋಟೀಸು ಬಂದವು.

ನೋಟೀಸು ಬಂದ ವೇಳೆಗೆ ಹೊಲದಲ್ಲಿ ಏನಿತ್ತು? ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪುತ್ತಿರಲಿಲ್ಲ. ತಲುಪಿದ ಕಡೆ ಇನ್ನೊಂದು ಸಂಕಟ. ಎರಿ ಮಣ್ಣಿನ ಜಿಗುಟು ಜೇಡಿ ಒದ್ದೆಯಾದಾಗ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯುವುದಿಲ್ಲ. ಬಸಿಗಾಲುವೆ ಇಲ್ಲದೆ ವರ್ಷ ವರ್ಷ ನೀರು ಹಾಯಿಸಿದರೆ ತೇವ ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಸವಳು, ಜವಳು ಎಂದು ನಮ್ಮ ರೈತರು ಕರೆಯುವುದು ಇದನ್ನೇ. ‘ಅವಿನಾಶಿ’ ಎಂದಿದ್ದ ಮಣ್ಣಿನ ಶಕ್ತಿ ಕಣ್ಣೆದುರೇ ನಾಶವಾಗಬಲ್ಲದು. ಇದರ ಮೇಲೆ ಹತ್ತಿಯ ಬೆಲೆ ಬಿತ್ತು. 1972ರಲ್ಲಿ ಧಾರವಾಡದ ಕೃಷಿ ಸಂಶೋಧನೆಯಿಂದ ಬಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿಗೆ ಬೀಜ, ಗೊಬ್ಬರ, ಔಷಧದ ಖರ್ಚು ಹೆಚ್ಚು. ಸಾಲ ಮಾಡಿ ಬಿತ್ತಿದವರಿಗೆ ಬೆಲೆ ಇಳಿದ ವರ್ಷ ಮಿಕ್ಕದ್ದು ಏನೂ ಇಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಬಂಡಾಯ ಸಿಡಿಯಿತು, ಗೋಲಿಬಾರಿನಲ್ಲಿ ರೈತರು ಸತ್ತರು. ಅದರ ಬಿಸಿ ರಾಜ್ಯವೆಲ್ಲ ಹಬ್ಬಿ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಆ ದಿನವನ್ನು ರೈತ ಹುತಾತ್ಮರ ದಿನವೆಂದು ಈಗಲೂ ಆಚರಿಸುತ್ತಾರೆ.

ಪ್ರಿಂಗಲ್ ಪುಣೆಯಲ್ಲಿ ಮಾಡಿದ ತಪ್ಪೂ ನರಗುಂದದ ತಪ್ಪೂ ಒಂದೇ ಜಾತಿಯವು. ಹೆಚ್ಚುವರಿ ಇದೆಯೆಂದು ಕಾಗದದ ಮೇಲೆ ಲೆಕ್ಕ ಹಾಕಿ, ಅದು ರೈತನ ಕಣಜಕ್ಕೆ ಬರುವ ಮೊದಲೇ ಪಾಲು ಕೇಳಿದ್ದು. ಇದನ್ನು ಎರಡು ಬೇರೆ ಪತ್ರಿಕೆಗಳಲ್ಲಿ ಓದುವ ವಿದ್ಯಾರ್ಥಿಗೆ ಸಂಬಂಧ ಕಾಣದಿದ್ದರೆ ಅದು ಅವನ ತಪ್ಪಲ್ಲ. ಪಠ್ಯ ಹಂಚಿದವರ ತಪ್ಪು.

ಭೂಸುಧಾರಣೆಯ ಮಾತು ಚಿಕ್ಕದಾಗಿ. 1961ರ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದು ಗೇಣಿ ಪದ್ಧತಿಯೇ ರದ್ದಾಯಿತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಬಹಳ ಮಂದಿಗೆ ಹೊಲ ದಕ್ಕಿತು. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಹೊಲ ಲಾವಣಿಗೆ ಹಾಕಿಕೊಂಡು ದುಡಿಯುವವನ ಹೆಸರು ಉತಾರದಲ್ಲಿ ಇರುವುದಿಲ್ಲವಾದ್ದರಿಂದ ಬೆಳೆಹಾನಿ ಪರಿಹಾರ ಉತಾರದಲ್ಲಿ ಹೆಸರಿದ್ದವನಿಗೇ ಹೋಗುತ್ತದೆ.

ವಿದ್ಯಾರ್ಥಿಗಳು ಮನೆಯ ಉತಾರವೊಂದನ್ನು ತೆಗೆದು ಎದುರಿಗಿಟ್ಟುಕೊಂಡು ಈ ಪಾಠ ಓದಬೇಕು. ಕಾಲಂ 3ರಲ್ಲಿ ವಿಸ್ತೀರ್ಣವನ್ನೂ ಫೋಟ್ ಖರಾಬನ್ನೂ (ಬೇಸಾಯಕ್ಕೆ ಬಾರದ ಭಾಗ) ನೋಡಿ. ಖರಾಬಿಗೆ ಆಕಾರವಿಲ್ಲ, ರಿಕಾರ್ಡೋನ ಸೊನ್ನೆ ಗೇಣಿಯ ಭೂಮಿಗೆ ಅದು ಹತ್ತಿರ. ಆಕಾರ ಕೆಲವೇ ರೂಪಾಯಿ, ಪೈಸೆ ಇರುತ್ತದೆ. ಅದನ್ನು ಎಕರೆಗೆ ಭಾಗಿಸಿ, ಪಕ್ಕದ ಸರ್ವೆ ನಂಬರಿನದರ ಜತೆ ಹೋಲಿಸಿದರೆ ಹಳೆಯ ಆಣೆಗಳ ವ್ಯತ್ಯಾಸ ಈಗಲೂ ಕಾಣುತ್ತದೆ. ಕಾಲಂ 9ರಲ್ಲಿ ಮಾಲೀಕ, ಕಾಲಂ 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ಎರಡನ್ನೂ ಓದಿ ಹೊಲಕ್ಕೆ ಹೋಗಿ ಯಾರು ದುಡಿಯುತ್ತಿದ್ದಾರೆ ನೋಡಿ. ಹುಬ್ಬಳ್ಳಿ–ಧಾರವಾಡ ನಡುವಿನ ಬಿಆರ್‌ಟಿಎಸ್ ರಸ್ತೆಯ ಬದಿಯ ಹೊಲದ ಉತಾರ ಸಿಕ್ಕರೆ ಇನ್ನೂ ಒಳ್ಳೆಯದು. ಬಿನಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಬೀಳುವ ತನಕ ಅದರ ಆಕಾರ ಮಣ್ಣಿನ ಆಳದ ಮೇಲೆ ನಿಂತಿರುತ್ತದೆ, ಕೊಳ್ಳುವವನು ಕೊಡುವ ಬೆಲೆ ರಸ್ತೆಯ ದೂರದ ಮೇಲೆ.